ಮರಿಬಸಪ್ಪ ಮಾಸ್ತರ ಕಪ್ಪೆಗಳು

"ಲೈನ್, ಲೈನ್! ಎದಿ ಮುಂದ ಮಾಡ್ರಿ. ಯಾರೂ ಕದಲೊದ್ದು, ಅಲುಗಿದ್ರ ನೋಡ್ರಿ ಮತ್ತ!" ಎನ್ನುತ್ತ ಕೋಚ್ ಶ್ರೀನು ಪುಟ್ಟ ಮಕ್ಕಳನ್ನು ಹೆಣದ ಎರಡೂ ಕಡೆ ನಿಲ್ಲಿಸತೊಡಗಿದ. ಗೋಡೆಗೆ ಒರಗಿಸಿ ಕೂಡಿಸಿದ್ದ ಮರಿಬಸಪ್ಪ ಮಾಸ್ತರ ಹಣೆಗೆ ಆಗಷ್ಟೇ ವಿಭೂತಿ ಬಳಿದಿದ್ದರು. ಫೋಟೋ ಬೇಕಂತೆ, ಅವನ ಓಟದ ಅಕಾಡೆಮಿಯ ವಾಟ್ಸಾಪಿಗೆ ಹಾಕಲಿಕ್ಕೆ! ಥೂ, ಇವನ ಬಾಳೇಕ್ಕ ಬೆಂಕಿ ಬೀಳ, ಸಾವಿನ ಮನೆಯನ್ನೂ ಬಿಡನಲ್ಲ ಎಂದು ಶಿವಲೀಲಾಳಿಗೆ ಹೇಸಿಕೆ ಬಂತು. ಬಲಗಡೆಯ ಸಾಲಿನಲ್ಲಿ ಅವಳ ಆರು ವರ್ಷದ ಮಗಳು ಚೇತನಾಳೂ ನಿಂತಿದ್ದಳು.

"ಮಾಸ್ತರಿಗೆ ಎಷ್ಟು ಮರ್ಯಾದಿ ಮಾಡ್ಯಾನ ನೋಡ," ಎಂದಳು ಪಕ್ಕದ ವೆಂಕಮ್ಮ.

"ಮರ್ಯಾದಿ ಅಂತ ಮರ್ಯಾದಿ! ಅವರನ್ನ ಗ್ರೌಂಡಿಂದ ಬಿಡಿಸಿ ಆ ಜಾಗಕ್ಕ ಬಂದಾಂವ ಇವನ ಅಲ್ಲೇನು?" ಎಂದಳು ಶಿವಲೀಲಾ.

"ಬಿಡಿಸ್ರಿ ಅಂತ ಅರ್ಜಿಗೆ ಸಹಿ ಹಾಕಿದಾಕಿ ನೀನೂ ಅದಿ, ನಾನೂ ಅದೀನಿ."



* * *

ಹೋದ ವರ್ಷದವರೆಗೆ ಊರ ಶಾಲೆಯ ಗ್ರೌಂಡು ಮಾಸ್ತರದೇ. ರಿಟೈರಾದ ಮನುಷ್ಯ, ಧೋತರ ಎತ್ತಿ ಕಟ್ಟಿ ಕಪ್ಪೆಯಂತೆ ಕುಪ್ಪಳಿಸುವರು. ಹಿಂದೆ ಮಕ್ಕಳ ಹಿಂಡು. ಏಡಿಯ ನಡಿಗೆ, ಕೋತಿಯ ನೆಗೆತ, ಸೊಂಟಕ್ಕೆ ಬಟ್ಟೆಯ ಬಾಲ ಸಿಕ್ಕಿಸಿ ಒಬ್ಬರದೊಬ್ಬರು ಕಿತ್ತುಕೊಳ್ಳುವ ಆಟ.

"ನಮ್ಮ ಹುಡುಗಿಗೆ ಮೆಡಲ್ ಬರೋದು ಯಾವಾಗ್ರಿ ಸಾರ್?" ಎಂದು ಶಿವಲೀಲಾ ಕೇಳಿದಾಗ ನಕ್ಕಿದ್ದರು.

"ಮೈ ಮೊದಲು ಆಡೋದು ಕಲೀಲಿ ತಾಯಿ. ಓಡೋದು ಖುಷಿ ಅಂತ ಗೊತ್ತಾದ ಕೂಸು ತಾನ ಓಡ್ತೈತಿ."

ಇವರ ಕುಣಿತ ನೋಡುತ್ತ ಕೂತರೆ ಪಕ್ಕದೂರು ಆಸ್ಪರಿಯ ಮಕ್ಕಳೇ ಜಿಲ್ಲಾ ಮಟ್ಟಕ್ಕೆ ಹೋಗಿಬಿಡುತ್ತಾರೆ ಎಂದು ಇಲ್ಲಿ ಆದೋನಿಯ ತಾಯಂದಿರು ಸೇರಿ ಅರ್ಜಿ ಬರೆದರು. ಶ್ರೀನು ಬಂದ. ಗ್ರೌಂಡಿನ ಸುತ್ತ ಬರೇ ರೌಂಡು, ತಪ್ಪಿದರೆ ಇನ್ನೆರಡು ರೌಂಡು. ಮನೆಯ ಮೆಟ್ಟಿಲನ್ನು ಕುಣಿದೇ ಇಳಿಯುತ್ತಿದ್ದ ಚೇತನಾ ಈಗ ಶಾಲೆಯಿಂದ ಬಂದವಳೇ ಮೂಲೆಯಲ್ಲಿ ಕೂಡುತ್ತಾಳೆ. ಶಿವಲೀಲಾಳಿಗೆ ಮೆಡಲ್ಲೂ ಬೇಡ, ಏನೂ ಬೇಡ; ಆ ಕುಣಿಯುವ ಕೂಸು ವಾಪಸು ಸಿಕ್ಕರೆ ಸಾಕಾಗಿತ್ತು.

* * *

ಫೋಟೋ ಇನ್ನೂ ಮುಗಿದಿರಲಿಲ್ಲ. ಚೇತನಾಳ ಕಾಲ ಕೆಳಗೆ ನೆಲ ಒದ್ದೆಯಾಗುತ್ತಿತ್ತು. ಉಚ್ಚೆ ಬೂಟಿನೊಳಕ್ಕೆ ಇಳಿಯುತ್ತಿದ್ದರೂ ಕೂಸು ಎದೆ ಮುಂದೆ ಮಾಡಿಕೊಂಡೇ ನಿಂತಿತ್ತು. ಶಿವಲೀಲಾ ಸಾಲಿನೊಳಗೆ ನುಗ್ಗಿದಳು.

"ಒಂದು ನಿಮಿಷ ಅಕ್ಕಾ, ಫ್ರೇಮ್ ಕೆಡ್ತೈತಿ," ಎಂದ ಶ್ರೀನು.

"ನಿನ್ನ ಫ್ರೇಮಿಗಿಷ್ಟು ಮಣ್ಣು ಹಾಕ! ನಾಳಿಂದ ಈಕಿ ಬರಂಗಿಲ್ಲ."

ಮಾಸ್ತರ ಹೆಂಡತಿ ಅಕ್ಕನಾಗಮ್ಮ ಅಳು ನಿಲ್ಲಿಸಿ ಕೂಸಿನ ಬೂಟು ಬಿಚ್ಚಿದಳು. "ಅಂಜಬ್ಯಾಡವ್ವಾ. ಅವರ ತೊಡಿಮ್ಯಾಲ ಎಷ್ಟು ಕೂಸು ಉಚ್ಚಿ ಹೊಯ್ದಾವೋ, ಒಂದಿನ ಬೈದವರಲ್ಲ."

ಮಣ್ಣು ಕೊಟ್ಟಾದ ಮೇಲೆ ರುದ್ರಭೂಮಿಯ ಪಕ್ಕದಲ್ಲಿ, ಶೇಂಗಾ ಕಿತ್ತ ಖಾಲಿ ಹೊಲದಲ್ಲಿ ಶಿವಲೀಲಾ ಎತ್ತಿಕೊಂಡಿದ್ದ ಮಗಳನ್ನು ಇಳಿಸಿದಳು.

"ಹೋಗವ್ವಾ, ಆಡಕೋ ಹೋಗು. ನಿನಗ ಹೆಂಗ ಬೇಕೋ ಹಂಗ ಓಡು."

ಚೇತನಾ ಹೊಲದ ನಾಲ್ಕೂ ಬದುಗಳನ್ನು ನೋಡಿದಳು.

"ಎಷ್ಟು ರೌಂಡು ಅಮ್ಮಾ?"

ಕೂಸು ಒಂದು ಗಳಿಗೆ ಕಾದು, ಮುಷ್ಟಿ ಬಿಗಿದು, ಬದುವಿನ ಗುಂಟ ಎಣಿಸುತ್ತ ಓಡತೊಡಗಿತು.