ಹದಿನೆಂಟು ಹೆಬ್ಬೆಟ್ಟು

"ತುಂಬ್ರಿ, ತುಂಬ್ರಿ! ನನ್ನನ್ನೂ ಎತ್ತಿ ಅದರಾಗ ಒಗೀರಿ!"

ಕಚೇರಿಯ ಹಿತ್ತಲಲ್ಲಿ ನಿಂತಿದ್ದ ಲಾರಿಯ ಮುಂದಿನ ಗಾಲಿಗೆ ಬೆನ್ನು ಕೊಟ್ಟು ಒಬ್ಬ ಹೆಂಗಸು ಕೂತುಬಿಟ್ಟಿದ್ದಳು. ಡ್ರೈವರ್ ತೆಲುಗಿನಲ್ಲಿ ಬೈದ, ವಾಚ್‌ಮನ್ ಹಿಂದಿಯಲ್ಲಿ ಬೈದ. ಆಕೆ ಇಬ್ಬರಿಗೂ ಕನ್ನಡದಲ್ಲೇ ಬಡ್ಡಿ ಸಮೇತ ತಿರುಗಿಸಿದಳು. ರೆಕಾರ್ಡ್ ರೂಮಿನ ಕಿಟಕಿಯಲ್ಲಿ ಚಹಾ ಕುಡಿಯುತ್ತ ನಿಂತಿದ್ದ ಕಾಶಿನಾಥನ ಕಿವಿಗೆ ಆ ಬೈಗುಳ ಬಿದ್ದದ್ದೇ ತಡ, ಲೋಟ ಅಲ್ಲೇ ಇಟ್ಟು ಇಳಿದು ಬಂದ. ಬೀದರ್ ಕಡೆಯ ಮನುಷ್ಯ. ಕಾರ್ಖಾನೆಗಳನ್ನು ತಪಾಸಣೆ ಮಾಡುವ ಈ ಹೈದರಾಬಾದಿನ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾಗದ ಕಾಯ್ದಿದ್ದ. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ.

ಲಾರಿ ರಟ್ಟಿನ ಮಿಲ್ಲಿನದು. ಹಳೆಯ ಕಡತಗಳನ್ನು ಒಯ್ದು, ನೆನೆಹಾಕಿ, ಅರೆದು ರಟ್ಟು ಮಾಡುತ್ತಿದ್ದರು. ಇಟ್ಟುಕೊಳ್ಳುವ ಕಡತಕ್ಕೆ ಕೆಂಪು ಬಟ್ಟೆ, ಬಿಸಾಕುವ ಕಡತಕ್ಕೆ ಬಿಳಿ ಬಟ್ಟೆ, ಇದು ಈ ಕಚೇರಿಯಲ್ಲಿ ಯಾವ ಕಾಲದಿಂದಲೋ ನಡೆದು ಬಂದ ಪದ್ಧತಿ. ಅವತ್ತು ಬಿಳಿ ಕಟ್ಟುಗಳು ನಾನೂರ ಹನ್ನೆರಡು. 'ಎಲ್ಲವನ್ನೂ ಬಿಚ್ಚಿ ನೋಡಿದ್ದೇನೆ, ಯಾರಿಗೂ ಬೇಕಾದ ಕಾಗದ ಇವುಗಳಲ್ಲಿ ಇಲ್ಲ' ಎಂದು ಬೆಳಿಗ್ಗೆ ಕಾಶಿನಾಥ ಅವುಗಳ ಪಟ್ಟಿಯ ಕೆಳಗೆ ಸಹಿ ಹಾಕಿದ್ದ. ಬಿಚ್ಚಿ ನೋಡಿದ್ದು ಎಷ್ಟು ಅಂದರೆ, ಒಂದೂ ಇಲ್ಲ. ಯಾರು ನೋಡುತ್ತಾರೆ ಸ್ವಾಮಿ? ಮುಖಪುಟದ ಮೇಲೆ 'ಒಂದು ವರ್ಷ' ಎಂದಿದ್ದರೆ ಬಿಳಿ ಬಟ್ಟೆ, 'ಶಾಶ್ವತ' ಎಂದಿದ್ದರೆ ಕೆಂಪು. ಒಳಗಿನವರ ಹಣೆಬರಹವನ್ನು ಹೊರಗಿನ ಎರಡು ಅಕ್ಷರ ನೋಡಿ ತೀರ್ಮಾನಿಸುವುದೇ ಅಲ್ಲಿ ಕೆಲಸವಾಗಿತ್ತು.

"ಯಾಕವ್ವಾ, ಗಾಲಿಗೆ ಬೀಳುವಂಥಾದ್ದು ಏನಾಗ್ಯಾದ?"

ಆಕೆ ಬಾಯಿ ಮುಚ್ಚಿ ನೋಡಿದಳು. "ಅಯ್ಯ, ನೀವು ನಮ್ಮ ಕಡೆಯವ್ರೇನ್ರೀ ಅಣ್ಣಾ? ಮೂರು ಸರ್ತಿ ಬಂದೀನ್ರೀ. ಒಮ್ಮೆ ಇಲ್ಲ ಅಂದ್ರು, ಒಮ್ಮೆ ನಾಳೆ ಬಾ ಅಂದ್ರು. ಇವತ್ತ ನೋಡಿದ್ರ ಎಲ್ಲಾ ಲಾರಿಗೆ ತುಂಬಾಕತ್ತಾರ. ನನ್ನ ಗಂಡ ಇದರಾಗ ಅದಾನ್ರೀ!"

ಸುಗಲಮ್ಮ ಎಂದು ಹೆಸರು. ಶಹಾಪುರದ ಕಡೆಯಿಂದ ಬಂದು ಇದೇ ಹೈದರಾಬಾದಿನ ನಾಚಾರಂನಲ್ಲಿ ತಗಡಿನ ಮನೆ ಮಾಡಿದ್ದಳು. ಗಂಡ ಮಾಣಿಕಪ್ಪ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಬಿಳಿ ಕಲ್ಲು ಅರೆದು ಹಿಟ್ಟು ಮಾಡಿದ. ಈಗ ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಗುವುದಿಲ್ಲ. ದವಾಖಾನೆಯವರು ಟೀಬಿ ಎಂದು ಬರೆದುಕೊಟ್ಟು ಎರಡು ಸುತ್ತು ಗುಳಿಗೆ ನುಂಗಿಸಿದ್ದಾಯಿತು. ನೆರೆಯವರು ಅವನ ಲೋಟ ಬೇರೆ ಇಟ್ಟರು, ಮಕ್ಕಳನ್ನು ಇವರ ಬಾಗಿಲಿಗೆ ಬಿಡುವುದಿಲ್ಲ. ಕೊನೆಗೆ ದೊಡ್ಡ ಆಸ್ಪತ್ರೆಯ ಡಾಕ್ಟರರೊಬ್ಬರು, ಇದು ಟೀಬಿ ಅಲ್ಲ, ಕಲ್ಲಿನ ಧೂಳು ಕೂತಿರಬೇಕು, ಕಲ್ಲಿನ ಕಾರ್ಖಾನೆಯಲ್ಲಿ ದುಡಿದದ್ದಕ್ಕೆ ಕಾಗದ ತಾ, ಹಾಗೇ ಬರೆದು ಆ ಚಿಕಿತ್ಸೆ ಶುರು ಮಾಡುತ್ತೇನೆ ಅಂದಿದ್ದರು.

"ಕಾರ್ಖಾನ್ಯಾಗ ಕೇಳಿದಿ?"

"ಬೋರ್ಡು ಬದಲ್ ಮಾಡ್ಯಾರ್ರೀ. ಮಾಣಿಕಪ್ಪ ಅಂಬಾವ ನಮ್ಮಲ್ಲಿ ದುಡದೇ ಇಲ್ಲ ಅಂತಾರ. ಹನ್ನೊಂದು ವರ್ಷ ಅವ ಏನು ಅಲ್ಲಿ ದೆವ್ವಾಗಿ ತಿರಗಿದ್ನೇನ್ರೀ?"

ರೇಶನ್ ಕಾರ್ಡಿನ ಪ್ಲಾಸ್ಟಿಕ್ ಚೀಲದಿಂದ ಆಕೆ ಅಂಗೈಯಗಲದ ಒಂದು ಚೀಟಿ ತೆಗೆದಳು. ಎಂಟು ವರ್ಷದ ಹಿಂದೆ ಇದೇ ಕಚೇರಿಯಿಂದ ಡಾಕ್ಟರು, ಇನ್ಸ್‌ಪೆಕ್ಟರು ಹೋಗಿ ಕೂಲಿಗಳ ಎದೆ ಪರೀಕ್ಷೆ ಮಾಡಿದಾಗ ಒಬ್ಬೊಬ್ಬರಿಗೂ ಕೊಟ್ಟ ಚೀಟಿ. ಮೂಲೆಯಲ್ಲಿ ಕಡತದ ನಂಬರು, ತಾರೀಖು. ಹೆಸರಿನ ಜಾಗದಲ್ಲಿ ನೀರು ಬಿದ್ದು ಅಳಿಸಿ ಹೋಗಿತ್ತು. ಕಾಶಿನಾಥನಿಗೆ ಸಿಟ್ಟು ಬಂತು. ಇಷ್ಟು ಸ್ಪಷ್ಟವಾಗಿ ನಂಬರು ಇರುವಾಗ ಮೂರು ಸಲ ಅಲೆಸಿದ್ದಾರಲ್ಲ, ಮುಂಡೇವು! ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ. "ಇಲ್ಲೇ ಕೂಡು. ಲಾರಿ ಹೊಂಟ್ರೂ ಏಳಬ್ಯಾಡ ಮತ್ತ!" ಎಂದು ಹೇಳಿ ಮೇಲೆ ಹೋಗಿ ರಿಜಿಸ್ಟರ್ ತಿರುವಿದ. ಇನ್ನೂರ ಮೂವತ್ತಾರನೆಯ ಬಿಳಿ ಕಟ್ಟು.

ಐವತ್ತೇಳರ ವಯಸ್ಸಿನಲ್ಲಿ ಲಾರಿ ಹತ್ತಿದ. ಡ್ರೈವರ್ ಗೊಣಗಿದ, ಇವನು ಅವನಿಗೂ ನಾಲ್ಕು ಮಾತು ಬಿಟ್ಟ. ಕಟ್ಟು ಸಿಕ್ಕಿದಾಗ ಬೆವರು ಕಣ್ಣಿಗೆ ಇಳಿದಿತ್ತು. ಗಂಟು ಬಿಚ್ಚಿ ಕಡತ ಎತ್ತಿಕೊಂಡವನು ಯಾವ ಕತ್ತೆ ಇದಕ್ಕೆ 'ಒಂದು ವರ್ಷ' ಎಂದು ಬರೆದಿದ್ದಾನೆ ನೋಡೋಣ ಎಂದು ಮುಖಪುಟ ತಿರುವಿದ.

ಅಕ್ಷರ ತನ್ನದೇ. ಕೆಳಗಿನ ಚಿಕ್ಕ ಸಹಿಯೂ ತನ್ನದೇ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನಲ್ಲಿ ಬಿದ್ದಿತ್ತು. ಕಾಶಿನಾಥನಿಗೆ ಆ ಮಾರ್ಚ್ ತಿಂಗಳು ನೆನಪಾಯಿತು. ವರ್ಷದ ಕೊನೆಗೆ ಬಾಕಿ ಕಡತಗಳ ಪಟ್ಟಿ ಚಿಕ್ಕದಾಗಿ ಕಾಣಬೇಕು ಎಂದು ಆಗಿನ ಸಾಹೇಬರು ಉತ್ತರ ಬಾರದ ಕಡತಗಳನ್ನೆಲ್ಲ ಮುಗಿಸಿಬಿಡಿ ಎಂದಿದ್ದರು. ಕಾರ್ಖಾನೆಗೆ ನೋಟೀಸು ಹೋಗಿದೆ, ಉತ್ತರ ಬಂದಿಲ್ಲ, ಅಂದರೆ ಮುಗಿಯಿತು. ಮುಗಿದದ್ದಕ್ಕೆ ಒಂದು ವರ್ಷದ ಆಯುಷ್ಯ. ಹಾಗೆ ಒಂದೇ ವಾರದಲ್ಲಿ ಇನ್ನೂರು ಕಡತಗಳ ಹಣೆಯ ಮೇಲೆ ಬರೆದಿದ್ದ, ನಡುನಡುವೆ ಮಿರ್ಚಿ ಭಜಿ ತಿನ್ನುತ್ತ. ವರ್ಷ ತುಂಬಿದ ಕೂಡಲೇ ಅವನ್ನು ಬಿಸಾಕಬೇಕಿತ್ತು. ಯಾರೂ ಬಿಸಾಕಲಿಲ್ಲ. ಸರ್ಕಾರಿ ಸೋಮಾರಿತನ ಜನ್ಮದಲ್ಲಿ ಒಮ್ಮೆ ಪುಣ್ಯದ ಕೆಲಸ ಮಾಡಿತ್ತು.

ಕೆಳಗಿಳಿದು ಲಾರಿಯ ನೆರಳಲ್ಲೇ ಕಡತ ತೆರೆದ. ಹದಿನೆಂಟು ಹೆಸರು, ಎದುರಿಗೆ ಹದಿನೆಂಟು ಹೆಬ್ಬೆಟ್ಟಿನ ಗುರುತು. ಒಂದರಲ್ಲೂ ಗೆರೆಯಿಲ್ಲ. ನೀಲಿ ಮಸಿಯ ನುಣ್ಣನೆಯ ಬೊಟ್ಟು ಇಟ್ಟ ಹಾಗೆ ಇದ್ದವು.

"ಕಲ್ಲಿನ ಹಿಟ್ಟು ತಿಕ್ಕಿ ತಿಕ್ಕಿ ಗೆರಿ ಹೋಗತಾವ್ರೀ," ಎಂದಳು ಸುಗಲಮ್ಮ ಬಗ್ಗಿ ನೋಡಿ. "ರೇಶನ್ ಅಂಗಡಿ ಮಷೀನಿನಾಗೂ ಬೆರಳು ಹತ್ತಂಗಿಲ್ಲ. ಓದ್ರಿ ಅಣ್ಣಾ, ಯಾರ್ಯಾರು ಅದಾರ?"

"ಗೊಲ್ಲಾಳಪ್ಪ."

"ಹೋದ."

"ಅಂಬಾದಾಸ."

"ಊರಿಗೆ ಹೋಗಿ ಸತ್ತ. ಅವನಿಗೂ ಟೀಬಿ ಅಂದಿದ್ರು."

"ಮಲ್ಲು."

"ಅವನೂ ಹೋದ. ಮೂರು ಕೂಸು."

ಏಳನೆಯ ಹೆಸರಿಗೆ ಕಾಶಿನಾಥನ ದನಿ ಸಣ್ಣದಾಯಿತು. ಒಂಬತ್ತನೆಯದು ಮಾಣಿಕಪ್ಪ. ಮುಂದಿನ ಕಾಲಂನಲ್ಲಿ ಡಾಕ್ಟರು ಬರೆದಿದ್ದರು: ಎದೆಯಲ್ಲಿ ಧೂಳಿನ ಲಕ್ಷಣ, ಆರು ತಿಂಗಳೊಳಗೆ ಮತ್ತೆ ಪರೀಕ್ಷಿಸಬೇಕು. ಹನ್ನೆರಡು ಜನರ ಎದುರಿಗೆ ಇದೇ ಮಾತು. ಎಂಟು ವರ್ಷ ಇದು ಇಲ್ಲೇ, ತಾನು ಡಬ್ಬಿ ಬಿಚ್ಚಿ ಊಟ ಮಾಡುವ ಮೇಜಿನಿಂದ ಹತ್ತು ಮಾರು ದೂರದಲ್ಲಿ ಬಿದ್ದಿತ್ತು. ಕಾಶಿನಾಥನ ಮೈಯೆಲ್ಲ ಉರಿಯಿತು. ಯಾರ ಮೇಲೆ ಕೂಗಾಡಬೇಕೋ ತಿಳಿಯದೆ, "ನೀನೂ ಅಲ್ಲೇ ಇದ್ದಿ ಏನು ಆ ದಿನ? ಡಾಕ್ಟರು ಏನು ಹೇಳಿದ್ರು ಅಂತ ಕೇಳಬಾರದಾಗಿತ್ತಾ?" ಎಂದು ಆಕೆಯ ಮೇಲೆಯೇ ರೇಗಿದ.

"ನಮ್ಮನ್ನ ಎಲ್ಲಿ ಇರಗೊಟ್ರು? ಸಾಹೇಬ್ರು ಬರ್ತಾರಂತ ಹಿಟ್ಟಿನ ಚೀಲ ತುಂಬೋ ನಮ್ಮಂಥ ಹೆಂಗಸ್ರನ್ನೆಲ್ಲಾ ಹಿಂದಿನ ಗೇಟಿನಿಂದ ಹೊರಗ ಹಾಕಿದ್ರು. ಜೀಪು ಹೋದ ಮ್ಯಾಲ ವಾಪಸ್ ಕರದ್ರು."

ಅಷ್ಟರಲ್ಲಿ ಸೂಪರಿಂಟೆಂಡೆಂಟ್ ಸ್ನೇಹಲತಾ ಬಂದಳು. ನಲವತ್ತರ ಹೆಂಗಸು, ಕೆಲಸದಲ್ಲಿ ಚುರುಕು. ರೆಕಾರ್ಡ್ ರೂಮು ಖಾಲಿ ಮಾಡಿಸಿ ಮೀಟಿಂಗ್ ಹಾಲ್ ಮಾಡಿಸಬೇಕೆಂದು ಮೇಲಿನವರು ಆಕೆಯ ಕುತ್ತಿಗೆಯ ಮೇಲೆ ಕೂತಿದ್ದರು. "ಏಮಿಟಂಡಿ ಇದಿ, ಕಾಶಿನಾಥ್ ಗಾರು?" ಇದೇನಿದು ಎಂದು ತೆಲುಗಿನಲ್ಲಿ ಶುರು ಮಾಡಿದವಳು ಸಂಗತಿ ಕೇಳಿ ತುಸು ಮೆತ್ತಗಾದಳು. "ಅಷ್ಟೇ ತಾನೇ? ಪಾಪ, ಆ ಕಡತ ಆಯಮ್ಮನಿಗೇ ಕೊಟ್ಟು ಕಳಿಸಿ. ಹೇಗೂ ರದ್ದಿಗೆ ಹೋಗುವುದು. ನಾನು ನೋಡಲಿಲ್ಲ, ನೀವೂ ನೋಡಲಿಲ್ಲ. ಲಾರಿ ಹೊರಡಲಿ."

ಸುಗಲಮ್ಮನಿಗೆ ತೆಲುಗು ತಿಳಿಯುತ್ತಿತ್ತು. ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈ ಮುಂದೆ ಚಾಚಿದಳು.

ಕಾಶಿನಾಥ ಕಡತವನ್ನು ಎದೆಗೆ ಒತ್ತಿಕೊಂಡ. "ಕೊಡಂಗಿಲ್ಲ."

"ಏನಂದ್ರಿ?"

"ನಿನ್ನ ಕೈಗೆ ಕೊಡಂಗಿಲ್ಲ ಅಂದೆ."

"ನೀವೂ ಅವರ ಪೈಕಿನೇ ಆದ್ರೆಲ್ರೀ!" ಸುಗಲಮ್ಮನ ದನಿಗೆ ಇಡೀ ಹಿತ್ತಲು ತಿರುಗಿ ನೋಡಿತು. "ನಮ್ಮ ಮಾತು ಆಡ್ತಾರ, ನಮ್ಮವ್ರು ಅಂತ ನಂಬಿದ್ನೆಲ್ರೀ! ಮನುಷಾರ ಏನ್ರೀ ನೀವು? ಮಿಲ್ಲಿಗೆ ಕೊಡಾಕ ಆಗ್ತದ, ನನಗ ಕೊಡಾಕ ಬರಂಗಿಲ್ಲ? ನಿಮ್ಮ ಬಾಯಾಗ ಮಣ್ಣು ಬೀಳಲಿ!"

"ಬೈಯವ್ವಾ, ಇನ್ನೂ ನಾಕು ಬೈ. ಆದರ ಕೇಳು. ಇದು ನಿನ್ನ ಚೀಲದಾಗ ಹೋತಂದ್ರ ರದ್ದಿ ಕಾಗದ. ಕಾರ್ಖಾನಿಯವ್ರು ನೀನೇ ಬರಸೀದಿ ಅಂತಾರ. ಎಲ್ಲಿಂದ ತಂದಿ ಅಂತ ಕೇಳಿದ್ರ ಲಾರಿಯಿಂದ ಅಂತೀ? ಇಲ್ಲೇ, ನಮ್ಮ ಕಪಾಟಿನಾಗ, ನಂಬರ್ ಹಚ್ಚಿಸಿಕೊಂಡು ಕೂತರನ ಇದು ಸಾಕ್ಷಿ. ಶಿಕ್ಕಾ ಹೊಡೆದು ನಕಲು ಕೊಡ್ತೀನಿ. ಅದನ್ನ ಯಾವ ಡಾಕ್ಟರ್ ಮುಂದ ಇಟ್ಟರೂ ಇಲ್ಲ ಅನ್ನಂಗಿಲ್ಲ."

ಸುಗಲಮ್ಮ ಚಾಚಿದ ಕೈ ಇಳಿಸಲಿಲ್ಲ. ಆದರೆ ಬೈಗುಳ ನಿಂತಿತು.

"ಅದು ಹೇಗೆ ಸಾಧ್ಯ?" ಎಂದಳು ಸ್ನೇಹಲತಾ. "ಬೆಳಿಗ್ಗೆ ನೀವೇ ಸಹಿ ಹಾಕಿದ್ದೀರಿ. ಕಾಗದದ ಪ್ರಕಾರ ಈ ಕಡತ ಈಗ ಇಲ್ಲವೇ ಇಲ್ಲ."

ಕಾಶಿನಾಥ ಡ್ರೈವರನ ಹತ್ತಿರವಿದ್ದ ಆ ಪಟ್ಟಿಯನ್ನು ಲಾರಿಯ ಬಾನೆಟ್ಟಿನ ಮೇಲೆ ಹರವಿಕೊಂಡು ಪೆನ್ನು ತೆಗೆದ. ನಿಂತಲ್ಲೇ ಬರೆದ: 'ಈ ಕಡತಕ್ಕೆ ಒಂದು ವರ್ಷ ಎಂದು ಬರೆದವನು ನಾನು. ಅದು ತಪ್ಪು. ನಾನೂರ ಹನ್ನೆರಡು ಕಟ್ಟುಗಳನ್ನು ಬಿಚ್ಚಿ ನೋಡಿದ್ದೇನೆ ಎಂದು ಈ ದಿನ ಸಹಿ ಹಾಕಿದವನೂ ನಾನು. ಅದು ಸುಳ್ಳು. ಆ ಸಹಿಯನ್ನು ವಾಪಸು ತೆಗೆದುಕೊಂಡಿದ್ದೇನೆ.'

ಓದಿದ ಸ್ನೇಹಲತಾಳ ಮುಖ ಕೆಂಪಾಯಿತು. "ಹುಚ್ಚು ಹಿಡಿದಿದೆಯೇ ನಿಮಗೆ? ಇದರ ಮೇಲೆ ನಾನು ಮೆಮೊ ಕೊಡಲೇಬೇಕಾಗುತ್ತದೆ. ನಾಲ್ಕು ತಿಂಗಳು ತಣ್ಣಗೆ ಕೂತಿದ್ದರೆ ಹಾರ ಹಾಕಿ ಕಳಿಸುತ್ತಿದ್ದೆವು."

"ಹಾರ ಯಾರಿಗೆ ಬೇಕಮ್ಮಾ?" ಅವನು ತೆಲುಗಿನಲ್ಲೇ ಸಿಡಿದ. "ಒಂದು ಕಟ್ಟಿನಲ್ಲಿ ಹದಿನೆಂಟು ಜನ ಸಿಕ್ಕಿದ್ದಾರೆ. ಉಳಿದ ನಾನೂರ ಹನ್ನೊಂದರಲ್ಲಿ ಯಾರಿದ್ದಾರೆ? ನಿಮಗೆ ಗೊತ್ತಾ? ನನಗೂ ಗೊತ್ತಿಲ್ಲ. ಹಾಗಿದ್ದೂ ಸಹಿ ಹಾಕಿದೆ, ಥೂ! ಮೆಮೊ ಕೊಡಿ, ಎರಡು ಕೊಡಿ. ಲಾರಿ ಮಾತ್ರ ಇಳಿಸಿ."

ಆಕೆ ಪಟ್ಟಿಯನ್ನು ಮತ್ತೊಮ್ಮೆ ಓದಿದಳು. ಸಹಿ ಇಲ್ಲದ ಪಟ್ಟಿಯ ಮೇಲೆ ಲಾರಿ ಬಿಟ್ಟರೆ ನಾಳೆ ತನ್ನ ಕುತ್ತಿಗೆಗೇ ಬರುತ್ತದೆ ಎಂದು ಆಕೆಗೆ ತಿಳಿಯದ್ದಲ್ಲ. ಡ್ರೈವರನಿಗೆ ಇಳಿಸು ಎಂದು ಕೈಮಾಡಿ, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು.

ರೆಕಾರ್ಡ್ ರೂಮಿನಲ್ಲಿ ಚಹಾ ಆರಿ ಕೆನೆಗಟ್ಟಿತ್ತು. ಕಾಶಿನಾಥ ಮುಖಪುಟದ 'ಒಂದು ವರ್ಷ'ವನ್ನು ಹೊಡೆದುಹಾಕಿ 'ಶಾಶ್ವತ' ಎಂದು ಬರೆದು ಪಕ್ಕದಲ್ಲಿ ಪೂರ್ತಿ ಹೆಸರಿನ ಸಹಿ ಮಾಡಿದ. ಕೆಂಪು ಬಟ್ಟೆ ಹರವಿ, ಹದಿನೆಂಟು ಗುರುತುಗಳ ಹಾಳೆ ಮಾತ್ರ ನಕಲಿಗೆಂದು ಮೇಲೆ ಇಟ್ಟು, ಉಳಿದದ್ದನ್ನು ಕಟ್ಟತೊಡಗಿದ. ಎದುರಿನ ಸ್ಟೂಲಿನ ಮೇಲೆ ಸುಗಲಮ್ಮ ಕೂತಿದ್ದಳು. ನಕಲು ಕೇಳುವ ಅರ್ಜಿಯನ್ನು ಅವನೇ ತುಂಬಿ ಮಸಿಯ ಪ್ಯಾಡನ್ನು ಆಕೆಯತ್ತ ಸರಿಸಿದ್ದ.

"ಬಾಯಿಗೆ ಬಂದದ್ದು ಅಂದುಬಿಟ್ಟೆ ಅಣ್ಣಾ."

"ಸರಿಯಾಗೇ ಅಂದೀದಿ. ಇಲ್ಲಿ ಒತ್ತವ್ವಾ."

ಆಕೆ ಒತ್ತಿದಳು. ಕಾಶಿನಾಥ ಅರ್ಜಿ ಎತ್ತಿ ನೋಡಿದ. "ಮಸಿ ಹೆಚ್ಚಾಯ್ತು ಕಾಣ್ತದ. ಒರೆಸಿ ಇನ್ನೊಮ್ಮೆ ಒತ್ತು."

ಚಿಂದಿಯಲ್ಲಿ ಬೆರಳು ತಿಕ್ಕಿ ಒರೆಸಿಕೊಂಡು, ಮೆಲ್ಲಗೆ, ಜೋಪಾನವಾಗಿ, ಮೊದಲಿನದರ ಪಕ್ಕದಲ್ಲೇ ಮತ್ತೆ ಒತ್ತಿದಳು.

"ನಂದು ಹಿಂಗ ಬೀಳೂದ್ರೀ," ಎಂದಳು. ಸೆರಗು ಬಾಯಿಗೆ ಇಟ್ಟುಕೊಂಡು ಒಮ್ಮೆ ಕೆಮ್ಮಿದಳು.

ಹಾಳೆಯ ಮೇಲೆ ಹದಿನೆಂಟು ನುಣ್ಣನೆಯ ಬೊಟ್ಟುಗಳಿದ್ದವು. ಪಕ್ಕದ ಅರ್ಜಿಯ ಮೇಲೆ ಅಂಥವೇ ಇನ್ನೂ ಆರದ ಎರಡು. ಕಾಶಿನಾಥನ ಕೈಯಲ್ಲಿ ಕೆಂಪು ಬಟ್ಟೆಯ ಗಂಟು ಅರ್ಧಕ್ಕೇ ನಿಂತಿತ್ತು.