ಮೂರು ಪಂಕ್ತಿ, ಒಂದು ಚುಕ್ಕಿ

೧

ಈ ಕತೆಯನ್ನು ಊಟದಿಂದ ಶುರು ಮಾಡಲೋ, ಜಗಳದಿಂದಲೋ? ನಮ್ಮ ಕಡೆಯ ಮದುವೆಗಳಲ್ಲಿ ಎರಡೂ ಒಟ್ಟಿಗೇ ಶುರುವಾಗುತ್ತವೆ, ನನ್ನನ್ನು ಬೈಯಬೇಡಿ.

೧೯೭೯, ಕೊಟ್ಟೂರು. ಗಣಿತದ ಲೆಕ್ಚರರ್ ಗುರುಸಂಗಪ್ಪ ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚುಕ್ಕಿ ಇಡುತ್ತಿದ್ದಾನೆ. ಒಂದು ಚುಕ್ಕಿಗೆ ಒಬ್ಬ ನೆಂಟ. ಮಾತು ಬಿಟ್ಟವರ ನಡುವೆ ಗೆರೆ. ಗೆರೆ ಇರುವವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವಂತಿಲ್ಲ. ತಂಗಿ ಮರುಳಸಿದ್ದಮ್ಮನ ಹಿಂದಿನ ನಿಶ್ಚಿತಾರ್ಥ ಮುರಿದದ್ದು ಪಂಕ್ತಿಯಲ್ಲೇ. ಎಲೆ ಬಿಟ್ಟು ಎದ್ದವರು ಸಂಬಂಧವನ್ನೂ ಬಿಟ್ಟು ಹೋದರು. ಈ ಸಲ ಹಡಗಲಿಯ ವರ. ಇದೂ ಮುರಿದರೆ ಏನು ಗತಿ ಎಂದು ಅವನಿಗೆ ಎಲ್ಲರ ಮೇಲೂ ಗುಮಾನಿ.

೨

(ಮೊದಲ ಕರಡಿನಲ್ಲಿ ಎರಡೇ ಪಂಕ್ತಿ ಇತ್ತು. ಹರಿದು ಹಾಕಿದೆ.)

ಎರಡಾದರೆ ಸುಲಭ: ಇವನು ಇಲ್ಲಿ, ಇವನ ವೈರಿ ಅಲ್ಲಿ, ವೈರಿಯ ವೈರಿ ಮತ್ತೆ ಇಲ್ಲಿ. ಆದರೆ ಕೂಡ್ಲಿಗಿ ಸೋದರಮಾವ, ಹರಪನಹಳ್ಳಿ ಚಿಕ್ಕಪ್ಪ, ಹಗರಿಬೊಮ್ಮನಹಳ್ಳಿ ದೊಡ್ಡಪ್ಪ ಮೂವರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಅಂಗಳದಲ್ಲಿ ಮೂರನೆಯ ಪಂಕ್ತಿ ಬೇಕಾಯಿತು. ಮೂರಾದೊಡನೆ ಲೆಕ್ಕ ಹುಚ್ಚು ಹಿಡಿಸುತ್ತದೆ. ಯಾರಾದರೂ ಕೂರಿಸಿ ತೋರಿಸಿದರೆ ಸರಿಯೋ ತಪ್ಪೋ ಎಂದು ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಹೇಳಬಹುದು. ಹುಡುಕುವುದಕ್ಕೆ ಮಾತ್ರ ಸುಲಭದ ದಾರಿ ಯಾರಿಗೂ ಸಿಕ್ಕಿಲ್ಲ. ಅಂಥ ದಾರಿ ಇಲ್ಲವೆಂದೂ ಯಾರೂ ಸಾಧಿಸಿಲ್ಲ.

ಗುರುಸಂಗಪ್ಪ ನನ್ನ ಕಡೆ ತಿರುಗಿದ. "ಏನ್ರೀ ಕತಿಗಾರ್ರೇ, ಹೊಸಾ ಜಗಳ ಏನಾರ ಬಚ್ಚಿಟ್ಟೀರೇನು?"

"ಇಲ್ಲಪ್ಪ" ಎಂದೆ. ಅವನು ನಂಬಲಿಲ್ಲ. (ನೀವೂ ನಂಬಬೇಡಿ.)

೩

ಅಳಿಸಿ, ಬರೆದು, ಮತ್ತೆ ಅಳಿಸಿ ಕೊನೆಗೂ ನೆಲದ ಲೆಕ್ಕದಲ್ಲಿ ಎಲ್ಲರೂ ಕೂತರು. ಗುರುಸಂಗಪ್ಪ ಪ್ರತಿ ಗೆರೆಯ ಎರಡೂ ತುದಿ ನೋಡಿದ. ಎಲ್ಲವೂ ಬೇರೆ ಬೇರೆ ಪಂಕ್ತಿ. ಚಹಾ ತಂದ ಮರುಳಸಿದ್ದಮ್ಮ ಬಗ್ಗಿ ನೋಡಿದಳು.

"ಅಣ್ಣಾ, ಇದ್ರಾಗ ನಾನೆಲ್ಲಿ ಅದೀನಿ?"

"ಇಲ್ಲೈತಿ ನೋಡು, ದೊಡ್ಡ ಚುಕ್ಕಿ. ನೀನೂ ಮದುಮಗನೂ ಸೇರಿ ಒಂದ. ಲೆಕ್ಕ ಹಗುರಾಗ್ತೈತಿ."

"ಯಾರನ್ನ ಕೇಳಿ ಕೂಡಿಸ್ದಿ? ಊರೂರಿನ ಸಿಟ್ಟೆಲ್ಲಾ ತಿಳ್ಕಂಡಿ. ನನಗ ಒಪ್ಪಿಗಿ ಐತೋ ಇಲ್ಲೋ, ಒಂದಿನಾರ ಕೇಳಿದೇನು?"

ಗುರುಸಂಗಪ್ಪನಿಗೆ ನಾಚಿಕೆಯಾಯಿತು. ಚಹಾ ಮುಟ್ಟಲಿಲ್ಲ.

೪

ಅಂತ್ಯ ಒಂದು: ಅವಳು ನಕ್ಕು ಮದುವೆಯಾಗುತ್ತಾಳೆ. (ಇದನ್ನು ದೊಡ್ಡಪ್ಪನೇ ಬರೆಸಿರಬೇಕು.)

ಅಂತ್ಯ ಎರಡು: ಮದುವೆ ನಿಲ್ಲುತ್ತದೆ. ಮೂವರು ವೈರಿಗಳೂ ಒಂದಾಗಿ, ಒಂದೇ ಪಂಕ್ತಿಯಲ್ಲಿ ಕೂತು ಅವಳನ್ನು ಬೈಯುತ್ತಾರೆ.

"ನೀವೂ ನಮ್ಮಣ್ಣನಂಗ ಆದ್ರಿ. ಸುಮ್ಮನಿರ್ರಿ" ಎಂದು ಮರುಳಸಿದ್ದಮ್ಮ ನನ್ನ ಬಾಯಿ ಮುಚ್ಚಿಸಿದಳು.

ಗುರುಸಂಗಪ್ಪ ದೊಡ್ಡ ಚುಕ್ಕಿಯನ್ನು ಅಂಗೈಯಿಂದ ಒರೆಸಿ ಎರಡು ಚುಕ್ಕಿ ಇಟ್ಟ. "ಹೇಳವ್ವಾ. ನಡುವ ಗೆರಿ ಎಳೀಲೇನು, ಬ್ಯಾಡೇನು?"

ಅವಳು ಸೀಮೆಸುಣ್ಣ ಕಸಿದುಕೊಂಡು ನೆಲಕ್ಕೆ ಬಗ್ಗಿದಳು.

ಏನು ಮಾಡಿದಳೆಂದು ನನ್ನನ್ನು ಕೇಳಬೇಡಿ, ನಾನು ಬರೆಯುವುದಿಲ್ಲ. ಅವಳ ಪರವಾಗಿ ತೀರ್ಮಾನ ಮಾಡಿದವರು ಈಗಾಗಲೇ ಮೂರು ಪಂಕ್ತಿ ತುಂಬ ಇದ್ದಾರೆ.