ಗುರುತಿಲ್ಲದ ಕಾಲರು

ಅತ್ತಿಗೆ ಹೆಣಗಳ ಮುಖ ನೋಡುತ್ತಿರಲಿಲ್ಲ, ಕಾಲರು ನೋಡುತ್ತಿದ್ದಳು. ಭೂಕಂಪದಲ್ಲಿ ಮುಖ ಉಳಿಸಿಕೊಂಡು ಸತ್ತವರೇ ಪುಣ್ಯವಂತರು. ಅವರನ್ನು ಮನೆಯವರು ಮೊದಮೊದಲೇ ಗುರುತು ಹಿಡಿದು ಒಯ್ದಿದ್ದರು. ಉಳಿದವರನ್ನು ಆಟದ ಸಭಾಂಗಣದ ನೆಲದ ಮೇಲೆ ಸಾಲಾಗಿ ಮಲಗಿಸಿ, ನೆತ್ತಿಯಿಂದ ಪಾದದವರೆಗೆ ಬಿಳಿ ಪ್ಲಾಸ್ಟಿಕ್ ಹೊದಿಸಿದ್ದರು. ಅಲ್ಲಿ ಕಾವಲಿದ್ದ ಪೊಲೀಸಮ್ಮ ಕುತ್ತಿಗೆಯ ಹತ್ತಿರ ಮಾತ್ರ ಹೊದಿಕೆಯನ್ನು ಒಂದಿಷ್ಟು ಸರಿಸುತ್ತಿದ್ದಳು. ಅತ್ತಿಗೆ ಬಗ್ಗಿ, ಎರಡು ಬೆರಳಿನಿಂದ ಕಾಲರು ಮಗುಚಿ ಒಳಗೆ ನೋಡುತ್ತಿದ್ದಳು.

ನಮ್ಮದು ಲಾಂಡ್ರಿ. ಬಟ್ಟೆ ಅದಲುಬದಲಾಗಬಾರದೆಂದು ಒಬ್ಬೊಬ್ಬ ಗಿರಾಕಿಗೆ ಒಂದೊಂದು ಗುರುತು. ಕಾಲರಿನ ಒಳಮೈಯಲ್ಲಿ ಕಪ್ಪು ಮಸಿಯಿಂದ ಚಿಕ್ಕದಾಗಿ ಹಾಕುತ್ತೇವೆ. ಬಟ್ಟೆ ಹರಿದು ನೆಲ ಒರೆಸುವ ಚಿಂದಿಯಾದರೂ ಆ ಮಸಿ ಹೋಗುವುದಿಲ್ಲ. ಗುರುತುಗಳೆಲ್ಲ ಅತ್ತಿಗೆಯ ತಲೆಯಿಂದ ಹುಟ್ಟಿದ್ದು, ಅವಳ ತಲೆಯಲ್ಲೇ ಇರುವುದು. ಬ್ಯಾಂಕಿನವರಿಗೆ ಮೂರು ಚುಕ್ಕೆ, ಸಂಗೀತದ ಮೇಷ್ಟ್ರಿಗೆ ಒಂದು ಕೊಕ್ಕೆ, ಔಷಧಿ ಅಂಗಡಿಯವರಿಗೆ ಸೊನ್ನೆಯ ಕೆಳಗೆ ಎರಡು ಗೀರು. ನಮ್ಮ ಮನೆಯ ಬಟ್ಟೆಗೆ ಮಾತ್ರ ಗುರುತಿಲ್ಲ. ಗುರುತಿಲ್ಲದ್ದು ನಮ್ಮದು, ಅಷ್ಟೇ.

ಪೊಲೀಸಮ್ಮನ ಸಮವಸ್ತ್ರವೂ ನಮ್ಮಲ್ಲೇ ಒಗೆತಕ್ಕೆ ಬರುತ್ತಿತ್ತು. ಹೆಣವೊಂದರ ಕಾಲರಿನಲ್ಲಿ ಮಸಿ ಕಂಡಾಗ ಅವಳಿಗೆ ನಮ್ಮ ನೆನಪಾಗಿ ಹುಡುಕಿಕೊಂಡು ಬಂದಳು. ಅತ್ತಿಗೆ ಸೆರಗು ಬಿಗಿದು ಎದ್ದಳು. ಊರಿಗೆ ಉಪಕಾರ ಮಾಡೋಣವೆಂದಲ್ಲ. ನಮ್ಮಣ್ಣ, ಅಂದರೆ ಅವಳ ಗಂಡ, ಇನ್ನೂ ಸಿಕ್ಕಿರಲಿಲ್ಲ.

ಹೀಗಾಗಿ ಕಾಲರಿನಲ್ಲಿ ಗುರುತು ಕಂಡಾಗಲೆಲ್ಲ ಅವಳು ನಿಟ್ಟುಸಿರು ಬಿಡುತ್ತಿದ್ದಳು. ಬ್ಯಾಂಕಿನವರು ಸತ್ತಿದ್ದಾರೆ, ಅಂದರೆ ಇದು ನನ್ನ ಗಂಡನಲ್ಲ. ಮೇಷ್ಟ್ರು ಸತ್ತಿದ್ದಾರೆ, ಇದೂ ಅಲ್ಲ. ಆ ಉಸಿರು ನನಗೂ ಕೇಳಿಸುತ್ತಿತ್ತು, ಹೆಣದ ಪಕ್ಕದಲ್ಲಿ ನಿಂತ ಮನೆಯವರಿಗೂ ಕೇಳಿಸುತ್ತಿತ್ತು. ನನಗೆ ನಾಚಿಕೆಯಾಗುತ್ತಿತ್ತು. ಆದರೆ ನಾನೂ ಹಾಗೇ ಉಸಿರು ಬಿಡುತ್ತಿದ್ದೆ, ಸುಳ್ಳೇಕೆ ಹೇಳಲಿ?

ಅಣ್ಣನನ್ನು ಬೀದಿಯವರೆಲ್ಲ ‘ದೊರೆ’ ಎಂದು ಕರೆಯುತ್ತಿದ್ದರು. ದೊರೆಗೆ ಸ್ವಂತದ್ದು ಅಂತ ಇದ್ದದ್ದು ಎರಡು ಅಂಗಿ, ಮೊಣಕಾಲು ಸವೆದ ಒಂದು ಪ್ಯಾಂಟು. ಆದರೆ ಮದುವೆಗೆ ಹೊರಟರೆ ಮೈಮೇಲೆ ವಕೀಲರ ಕೋಟು, ಸಿನಿಮಾಕ್ಕೆ ಹೊರಟರೆ ಎಂಜಿನಿಯರರ ರೇಷ್ಮೆ ಜುಬ್ಬ. ಕೇಳಿದರೆ, “ಒಗೆದ ಬಟ್ಟೇನ ಗಾಳಿಗೆ ಬಿಡಬೇಕು ಕಣೇ, ನಾನು ಬಿಡ್ತಾ ಇದೀನಿ” ಅನ್ನುತ್ತಿದ್ದ. ಗೂಳಿಯಂಥ ಭುಜ ಅವನದು. ಯಾರ ಅಂಗಿ ತೊಟ್ಟರೂ ಕಂಕುಳಲ್ಲಿ ಹೊಲಿಗೆ ಬಿಡುತ್ತಿತ್ತು. ಅತ್ತಿಗೆ ಅವನ ವಂಶವನ್ನೆಲ್ಲ ಜಾಲಾಡುತ್ತ, ಅಂದರೆ ನನ್ನನ್ನೂ ಸೇರಿಸಿಕೊಂಡು, ಆ ಹೊಲಿಗೆ ಹಾಕುತ್ತಿದ್ದಳು. ಬೈಗುಳದ ಮಧ್ಯೆ ಕತ್ತರಿ ಎಲ್ಲಿಟ್ಟೆನೆಂದು ತಡಕಾಡುವಳು. ಅದು ಅವಳ ತೊಡೆಯ ಮೇಲೇ ಇರುತ್ತಿತ್ತು. “ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ಲಂತೆ” ಎಂದು ಅಣ್ಣ ನಗುವನು. ಅವಳಿಗೂ ನಗು ಬಂದುಬಿಡುತ್ತಿತ್ತು.

ಕೊನೆಗೆ ಒಂದು ಮದುವೆಯಲ್ಲಿ ವಕೀಲರೇ ಎದುರಿಗೆ ಸಿಕ್ಕರು. “ಈ ಕೋಟು ನನ್ನ ಕೋಟಿನ ಹಾಗೇ ಇದೆಯಲ್ಲಯ್ಯಾ” ಅಂದರಂತೆ. ನಮ್ಮ ದೊರೆ ಸ್ವಲ್ಪವೂ ಅಳುಕದೆ, “ಒಳ್ಳೆ ಬಟ್ಟೆ ಹಾಕೋರೆಲ್ಲ ಒಂದೇ ತರ ಸಾರ್” ಅಂದನಂತೆ. ವಕೀಲರು ಮರುದಿನವೇ ತಮ್ಮ ಬಟ್ಟೆಯನ್ನೆಲ್ಲ ವಾಪಸು ಒಯ್ದರು, ಕೋರ್ಟಿನ ತುಂಬ ಹೇಳಿಕೊಂಡು ಬಂದರು. ಆವತ್ತು ಅತ್ತಿಗೆ ಬೈಯಲಿಲ್ಲ. ಒಲೆ ಹಚ್ಚಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದಳು. ಅದಕ್ಕೇ ಅಣ್ಣ ಹೆದರಿದ. ಅವಳ ತಲೆಯ ಮೇಲೆ ಕೈಯಿಟ್ಟು, ಇನ್ನು ಗಿರಾಕಿಗಳ ಬಟ್ಟೆ ಮೈಗೆ ಹಾಕಿದರೆ ನಿನ್ನಾಣೆ ಅಂದ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾನು ಕುಹಕವಾಡಿದ್ದೆ. ಆದರೆ ಅವನು ಮಾತು ಉಳಿಸಿಕೊಂಡ. ಮುಂದೆ ಬಂದ ಮದುವೆಗಳಿಗೆಲ್ಲ ತನ್ನ ಬಿಳಿ ಅಂಗಿಯಲ್ಲೇ ಹೋಗಿ, ಗೋಡೆಯ ಪಕ್ಕ ಕೂತು ಉಂಡು ಬಂದ. ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು.

ನೆಲ ನಡುಗಿದ ಆ ಬೆಳಿಗ್ಗೆ ಅವನು ದೊಡ್ಡ ಹೋಟೆಲಿನ ಮ್ಯಾನೇಜರನ್ನು ಕಾಣಲು ಹೊರಟಿದ್ದ. ಹೋಟೆಲಿನ ಹಾಸುಹೊದಿಕೆಯ ಒಗೆತ ನಮಗೆ ಸಿಕ್ಕಿದರೆ ಜನ್ಮ ಪಾವನ ಎಂದು ಹಿಂದಿನ ದಿನವೆಲ್ಲ ಅದೇ ಜಪ. ನಾನು ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕಿ, ಅಂಗಡಿಯ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ಬಟ್ಟೆ ಗಂಟು ತೆಗೆದುಕೊಂಡು ಗಿರಾಕಿಗಳ ಮನೆಗಳಿಗೆ ಹೋದೆ. ಅತ್ತಿಗೆ ಹಿಂದಿನ ಕೋಣೆಯಲ್ಲಿ ಮಷೀನಿಗೆ ಬಟ್ಟೆ ತುಂಬುತ್ತಿದ್ದಳು. “ಹೋಗ್ಬರ್ತೀನಿ ಕಣೇ” ಅಂದದ್ದು ಅವಳಿಗೆ ಕೇಳಿಸಿತಂತೆ. ಕೈ ಒದ್ದೆಯಿತ್ತು, ತಿರುಗಿ ನೋಡಲಿಲ್ಲವಂತೆ.

ಆಮೇಲೆ ಊರು ಕುಸಿಯಿತು. ನಮ್ಮ ಕಟ್ಟಡದ ಮುಂಭಾಗ ಉದುರಿ, ಇಸ್ತ್ರಿ ಮೇಜು, ನೇತುಹಾಕಿದ ಬಟ್ಟೆ, ಬಾಗಿಲು, ಮೊಳೆ ಎಲ್ಲ ಅದರಡಿ ಹೂತುಹೋದವು. ಹಿಂದಿನ ಕೋಣೆ ಮಾತ್ರ ನಿಂತಿತು, ಅದರೊಳಗೆ ಅತ್ತಿಗೆ ನಿಂತಿದ್ದಳು. ಹೋಟೆಲು ಇದ್ದ ಬೀದಿಯಲ್ಲಿ ಬೀದಿ ಯಾವುದು, ಹೋಟೆಲು ಯಾವುದು ಎಂದು ತಿಳಿಯುತ್ತಿರಲಿಲ್ಲ.

ಔಷಧಿ ಅಂಗಡಿಯವರ ಹೆಣ ಸಿಕ್ಕಿದ್ದು ಆ ಬೀದಿಯಲ್ಲೇ. ಅವರ ಅಂಗಡಿ ಹೋಟೆಲಿಗೆ ಎದುರು. ಪೊಲೀಸಮ್ಮ ಹೊದಿಕೆ ಸರಿಸಿದಾಗ ನೀಲಿ ಗೀರಿನ ಶರಟು ಕಂಡಿತು. ಧೂಳು, ರಕ್ತ ಒಣಗಿ ಅಟ್ಟೆಯಂತಾಗಿತ್ತು. ಅತ್ತಿಗೆ ಕಾಲರು ಮಗುಚಿದಳು. ಸೊನ್ನೆ, ಅದರ ಕೆಳಗೆ ಎರಡು ಗೀರು.

“ಔಷಧಿ ಅಂಗಡಿಯವ್ರು” ಅಂದಳು. ಉಸಿರು ಬಿಟ್ಟಳು. ಕಾಲರನ್ನು ಸರಿಮಾಡುವಾಗ ಶರಟಿನ ಪಕ್ಕ ಎಳೆದುಕೊಂಡಿತು. “ಅಯ್ಯೋ, ಹೊಲಿಗೆ ಬಿಟ್ಟಿದೆ” ಎಂದು ತನ್ನಷ್ಟಕ್ಕೆ ಅಂದು, ಕಂಕುಳ ಬಳಿ ಬಾಯಿ ತೆರೆದಿದ್ದ ಬಟ್ಟೆಯನ್ನು ಕೂಡಿಸಿ ಒತ್ತಿದಳು. ಅದು ಕೈಯ ಅಭ್ಯಾಸ. ಎದ್ದವಳು ನನ್ನನ್ನು ಕೇಳಿದಳು: “ಈ ಶರಟು ನೀನು ಕೊಟ್ಟುಬಂದಿದ್ಯಾ?”

“ನನ್ನ ಗಂಟಲ್ಲಿ ಇರ್ಲಿಲ್ಲ ಅತ್ತಿಗೆ. ಅಣ್ಣ ಹೋಟೆಲಿಗೆ ಹೋಗ್ತಾ ಕೊಟ್ಟಿರಬೇಕು.”

ಅವಳ ಕಣ್ಣು ಹೊಳೆದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. “ಹಾಗಾದ್ರೆ ಅಲ್ಲೀವರೆಗೂ ಹೋಗಿದಾರೆ! ಶರಟು ಕೊಟ್ಟಿದಾರೆ, ಇವ್ರು ಹಾಕ್ಕೊಂಡಿದಾರೆ. ಆಮೇಲೆ ಆಚೆ ಎಲ್ಲೋ ಹೋಗಿರ್ತಾರೆ ಬಿಡು. ಯಾವ್ದೋ ಆಸ್ಪತ್ರೇಲಿ ನರ್ಸುಗಳ ಹತ್ರ ಹಲ್ಲು ಕಿರೀತಾ ಬಿದ್ದಿರ್ತಾರೆ.”

ನಾನೂ ಹೌದೆಂದು ತಲೆಯಾಡಿಸಿದೆ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ನಮಗೆ ಸತ್ತವರ ಶರಟೇ ಹುಲ್ಲುಕಡ್ಡಿಯಾಗಿತ್ತು.

ಔಷಧಿ ಅಂಗಡಿಯವರಿಗೆ ಇದ್ದದ್ದು ತಾಯಿಯೊಬ್ಬಳೇ. ಮನೆ ಕಳೆದುಕೊಂಡವರಿಗೆಂದು ಹಾಕಿದ್ದ ನಮ್ಮ ಶಿಬಿರದಲ್ಲೇ ಮುದುಕಿಯೂ, ಎರಡು ಡೇರೆ ಆಚೆಗಿದ್ದಳು. ಹೆಣವನ್ನು ಅವಳಿಗೆ ಒಪ್ಪಿಸಿದರು. ಬೇರೆಯವರಂತೆ ಹಾಗೇ ಮಣ್ಣಿಗಿಡಲು ಅವಳು ಒಪ್ಪಲಿಲ್ಲ. ಕುಡಿಯುವ ನೀರಿಗೇ ಹೊಡೆದಾಟವಿದ್ದಾಗ ಅವರಿವರ ಕಾಲು ಹಿಡಿದು ನಾಲ್ಕು ಬಿಂದಿಗೆ ನೀರು ತಂದು, ತಾನೇ ಮೈ ತೊಳೆದಳು. ಮುಖ ಇದ್ದ ಜಾಗಕ್ಕೆ ತನ್ನ ಸೀರೆಯ ಅಂಚು ಹರಿದು ಸುತ್ತಿದಳು. ಶರಟನ್ನು ಮಾತ್ರ ಬಿಚ್ಚಿ ಇಟ್ಟುಕೊಂಡಳು. ಮಣ್ಣು ಮಾಡುವಾಗ ಅತ್ತಿಗೆ ಅವಳ ತೋಳು ಹಿಡಿದು ನಿಂತಿದ್ದಳು. ಅಳಲಿಲ್ಲ. “ನಾನ್ಯಾಕೆ ಅಳ್ಲಿ, ಅವ್ರ ಸಂಕಟ ಅವ್ರಿಗೆ” ಎಂದು ವಾಪಸು ಬರುವಾಗ ಅಂದಳು. ಆಗ ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಇಂಥ ಕಲ್ಲುಮನಸ್ಸೇ ಎಂದುಕೊಂಡಿದ್ದೆ.

ಸಭಾಂಗಣ ನಿಧಾನವಾಗಿ ಖಾಲಿಯಾಯಿತು. ಗುರುತಿಲ್ಲದ ಕಾಲರೂ ಕೆಲವು ಬಂದವು, ಆದರೆ ಅಂಗಿ ನಮ್ಮದಲ್ಲ. ಒಂದೊಂದು ಸಲ ಅತ್ತಿಗೆ ಅಲ್ಲೇ ಕುಕ್ಕರಿಸಿಬಿಡುತ್ತಿದ್ದಳು, ಮತ್ತೆ ಬಟ್ಟೆ ನೋಡಿ ಏಳುತ್ತಿದ್ದಳು. ನೀರಿನ ಟ್ಯಾಂಕರೂ ಜನರೇಟರೂ ಬಂದ ಮೇಲೆ ಶಿಬಿರದಲ್ಲಿ ನಾವು ಒಗೆತ ಶುರುಮಾಡಿದೆವು. ಹಿಂದಿನ ಕೋಣೆಯಿಂದ ಎಳೆದು ತಂದ ಒಂದು ಮಷೀನು, ಎರಡು ಕಂಬದ ಮಧ್ಯೆ ಹಗ್ಗ, ನನಗೊಂದು ಕೆಂಡದ ಇಸ್ತ್ರಿಪೆಟ್ಟಿಗೆ. ಡೇರೆಯಲ್ಲಿ ಮಲಗುವ ಜನಕ್ಕೆ ಇಸ್ತ್ರಿ ಬಟ್ಟೆ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಆದರೆ ಜನ ತಂದರು. ಮಡಿಕೆ ಕೂತ ಅಂಗಿ ತೊಟ್ಟು, ಮುರಿದ ಇಟ್ಟಿಗೆ ಹೊರಲು ಹೋದರು.

ಅಂಥ ಒಂದು ಮಧ್ಯಾಹ್ನ, ಹಗ್ಗದ ಮೇಲಿನ ಬಟ್ಟೆ ಸರಿಸಿಕೊಂಡು ಔಷಧಿ ಅಂಗಡಿಯವರು ಬಂದು ನನ್ನೆದುರು ನಿಂತರು.

ನನ್ನ ಕೈಯಿಂದ ಇಸ್ತ್ರಿಪೆಟ್ಟಿಗೆ ಬಿದ್ದು ಕೆಂಡ ಚೆಲ್ಲಿತು. ಅವರು ಕಡ್ಡಿಯಂಥ ಮನುಷ್ಯ, ಇನ್ನೂ ಇಳಿದುಹೋಗಿದ್ದರು. ತಲೆಗೆ ಬ್ಯಾಂಡೇಜು, ಒಂದು ಕೈಯಲ್ಲಿ ಊರುಗೋಲು.

“ಹೆದರಬೇಡಮ್ಮ, ದೆವ್ವ ಅಲ್ಲ” ಅಂದರು. “ಪಕ್ಕದೂರಿನ ಆಸ್ಪತ್ರೆಗೆ ಹೊತ್ಕೊಂಡು ಹೋಗಿದ್ರಂತೆ. ಎಷ್ಟೋ ದಿನ ನಾನು ಯಾರು ಅಂತ ನನಗೇ ಗೊತ್ತಿರ್ಲಿಲ್ಲ. ನಮ್ಮಮ್ಮ ಇಲ್ಲೇ ಇದಾರೆ ಅಂದ್ರು. ಯಾವ ಡೇರೆ?”

ಅತ್ತಿಗೆ ಒದ್ದೆ ಬಟ್ಟೆ ಹಿಂಡುತ್ತಿದ್ದವಳು ಹಾಗೇ ಹಿಡಿದುಕೊಂಡು ಎದ್ದು ಬಂದಳು. ನೀರು ಅವಳ ಪಾದದ ಮೇಲೆ ಸುರಿಯುತ್ತಿತ್ತು.

“ನಿಮ್ಮ ನೀಲಿ ಗೀರಿನ ಶರಟು?” ಅಂದಳು.

ಅವರು ಗಲಿಬಿಲಿಗೊಂಡರು. ಸತ್ತು ಬದುಕಿ ಬಂದವನನ್ನು ಯಾರಾದರೂ ಶರಟು ಕೇಳುತ್ತಾರೆಯೇ? “ಅದು ನಿಮ್ಮಲ್ಲೇ ಇತ್ತಲ್ಲಮ್ಮ. ಆವತ್ತು ಬೆಳಿಗ್ಗೆ ಬರುತ್ತೆ ಅಂತ ಕಾದೆ. ಬರಲಿಲ್ಲ, ಹಳೇದೇ ಹಾಕ್ಕೊಂಡು ಅಂಗಡಿಗೆ ಹೋದೆ. ಇರಲಿ ಬಿಡಿ, ಈಗ ಅದರ ಮಾತೇಕೆ?”

ಅತ್ತಿಗೆ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ದೊಡ್ಡ ಹೋಟೆಲು, ಮ್ಯಾನೇಜರು. ಬಾಗಿಲ ಹಿಂದೆ ಮೊಳೆಗೆ ನೇತುಬಿದ್ದ, ಕೈ ಸವೆದ ಬಿಳಿ ಅಂಗಿ. ಪಕ್ಕದಲ್ಲೇ ಹೊಚ್ಚಹೊಸದರಂಥ ನೀಲಿ ಗೀರಿನ ಶರಟು. ಒಂದೇ ಒಂದು ಸಲ ಅಂದುಕೊಂಡಿರಬೇಕು ನಮ್ಮ ದೊರೆ. ತನಗಾಗಿ ಅಲ್ಲವಲ್ಲ, ಮನೆಗಾಗಿ. ಅವಳು ತಿರುಗಿ ನೋಡುವುದರೊಳಗೆ ಬೀದಿಗಿಳಿದಿರಬೇಕು.

“ನಾನು ನೋಡಿದ್ದೆ ಕಣೇ” ಅಂದಳು ಅತ್ತಿಗೆ. “ಹೊಲಿಗೆ ಬಿಟ್ಟಿತ್ತು. ನನ್ನ ಕೈಯಾರೆ ಮುಟ್ಟಿದ್ದೆ.”

ಎರಡು ಡೇರೆ ಆಚೆ ಆ ಹೊತ್ತಿಗೆ ಕೂಗೆದ್ದಿತ್ತು. ಯಾರೋ ಓಡಿಹೋಗಿ ಮುದುಕಿಗೆ ಹೇಳಿದ್ದರು. ಅವಳು ಬರಿಗಾಲಲ್ಲಿ ಓಡಿಬಂದು ಮಗನ ಕೆನ್ನೆ, ಕಿವಿ, ಮೂಗು ಎಲ್ಲ ಸವರಿದಳು. ಇಷ್ಟು ದಿನ ಮುಖವೇ ಇಲ್ಲದ ಮಗನನ್ನು ನೆನೆದು ಅತ್ತವಳು. ಶಿಬಿರದ ಜನ ಸುತ್ತ ನೆರೆದು ಅಳುತ್ತಿದ್ದರು, ನಗುತ್ತಿದ್ದರು. ಅಷ್ಟು ಸಂತೋಷವನ್ನು ನಾವು ನೆಲ ನಡುಗಿದ ಮೇಲೆ ಕಂಡಿರಲಿಲ್ಲ. ನನಗೆ ಅವರೆಲ್ಲರ ಮೇಲೂ ಕೆಂಡ ಸುರಿಯಬೇಕು ಅನ್ನಿಸಿತು.

ಮುದುಕಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಮಗನ ಭುಜ ಹಿಡಿದಿದ್ದ ಕೈ ಸಡಿಲವಾಯಿತು. “ಹಾಗಾದ್ರೆ ನಾನು ಮಣ್ಣು ಮಾಡಿದ್ದು ಯಾರನ್ನ?” ಎಂದು ಸುತ್ತ ನೋಡಿದಳು. ಅತ್ತಿಗೆಯನ್ನು ಕಂಡಳು. ಡೇರೆಗೆ ಹೋಗಿ, ತಲೆಯಡಿ ಇಟ್ಟುಕೊಂಡು ಮಲಗುತ್ತಿದ್ದ ಶರಟನ್ನು ತಂದು ಅವಳ ಕೈಗಿಟ್ಟಳು.

ಅತ್ತಿಗೆ ಈ ಸಲ ಕಾಲರು ನೋಡಲಿಲ್ಲ. ಎರಡೂ ಕಂಕುಳಿನ ಬಿಟ್ಟ ಹೊಲಿಗೆಯೊಳಗೆ ಬೆರಳು ತೂರಿಸಿ ನೋಡಿದಳು. ದಾರ ಕಿತ್ತ ಬಗೆ ಅವಳಿಗೆ ಹೊಸದಲ್ಲ.

“ಪಾದ ತೊಳೀವಾಗ, ಇಷ್ಟು ದೊಡ್ಡ ಪಾದಾನಾ ಅನ್ನಿಸ್ತು ತಾಯಿ” ಅಂದಳು ಮುದುಕಿ. “ಮೈಯೆಲ್ಲ ಬಾತುಕೊಂಡಿರಬೇಕು ಅಂದ್ಕೊಂಡೆ. ತಪ್ಪು ತಿಳೀಬೇಡ.”

“ಚೆನ್ನಾಗಿ ತೊಳೆದ್ರಾ?”

“ಹೆತ್ತ ಮಗನ್ನ ತೊಳೆದ ಹಾಗೆ ತೊಳೆದೆ.”

ಅತ್ತಿಗೆ ಹೂಂ ಅಂದಳು. ಅಲ್ಲೇ ನೆಲದ ಮೇಲೆ ಕೂತು ಕತ್ತರಿ ಕೇಳಿದಳು. ಅದನ್ನು ಅವಳು ಸೊಂಟದಲ್ಲೇ ಸಿಕ್ಕಿಸಿಕೊಂಡಿದ್ದಳು. ಅಣ್ಣನ ಆ ಕಂಕುಳ ಕೂಸಿನ ಗಾದೆ ನನ್ನ ನಾಲಿಗೆಯ ತುದಿಯವರೆಗೆ ಬಂತು, ನುಂಗಿಕೊಂಡೆ. ಎಳೆದು ಅವಳ ಕೈಗೆ ಕೊಟ್ಟೆ.

ಔಷಧಿ ಅಂಗಡಿಯವರು ಊರುಗೋಲಿನ ಮೇಲೆ ಬಗ್ಗಿ, “ಅದು ನಿಮ್ಮಲ್ಲೇ ಇರಲಿ ಅಮ್ಮ. ನಾನು ಕೇಳಲ್ಲ” ಅಂದರು. ಪಾಪ, ಒಳ್ಳೆಯ ಮನುಷ್ಯ. ಬದುಕಿ ಬಂದದ್ದಕ್ಕೆ ಕ್ಷಮೆ ಕೇಳುವವರಂತೆ ನಿಂತಿದ್ದರು.

“ಗಿರಾಕಿ ಬಟ್ಟೆ ನಮ್ಮನೇಲಿ ಇರಬಾರದು. ಆಣೆ ಆಗಿದೆ” ಅಂದಳು ಅತ್ತಿಗೆ.

ಕಾಲರನ್ನು ಮಗುಚಿ, ಸೊನ್ನೆಯನ್ನೂ ಎರಡು ಗೀರನ್ನೂ ಸುತ್ತಿಕೊಂಡು ನಿಧಾನವಾಗಿ ಕತ್ತರಿಸಿದಳು. ಉಗುರಗಲದ ಆ ಚೂರನ್ನು ಅವರ ಅಂಗೈಯಲ್ಲಿಟ್ಟಳು. “ನಿಮ್ಮದು ಇಷ್ಟು, ತಗೊಳ್ಳಿ” ಅಂದಳು. ಉಳಿದ ಅಂಗಿಯನ್ನು ಒಮ್ಮೆ ಕೊಡವಿ, ಕಾಲರಿನ ಒಳಗೆ ಗುರುತಿಲ್ಲವೆಂದು ನೋಡಿಕೊಂಡಳು. ಆಮೇಲೆ ಅದರಲ್ಲಿ ಮುಖವಿಟ್ಟು ಅಳಲು ಶುರುಮಾಡಿದಳು.